ದೊಡ್ಡದಾದಷ್ಟೂ ಕರಗುವ ಲಾಭ

ಸಿರಿವಂತರ ಹಣ ಸೇರಿಸಿ, ಸಾಲವನ್ನೂ ಬಳಸಿ ಹೂಡುವ ಹೆಡ್ಜ್ ಫಂಡ್ ಒಂದು ನಾಲ್ಕೈದು ವರ್ಷ ಸತತವಾಗಿ ಲಾಭ ತಂದರೆ ಅದನ್ನು ನಡೆಸುವವರ ಜಾಣ್ಮೆಯನ್ನು ಎಲ್ಲರೂ ಕೊಂಡಾಡುತ್ತಾರೆ. ಜಾಣ್ಮೆ ಬೇಕು, ನಿಜ. ಆದರೆ ದೀರ್ಘಕಾಲದ ಲೆಕ್ಕದಲ್ಲಿ ಅದಕ್ಕಿಂತ ಹೆಚ್ಚಿನ ತೂಕ ಇನ್ನೆರಡು ಸಂಗತಿಗಳಿಗಿದೆ: ಫಂಡ್‌ಗೆ ಎಷ್ಟು ಹಣ ಬಂದು ಸೇರಿದೆ, ಅದರ ಮೇಲೆ ಎಷ್ಟು ಸಾಲ ಎತ್ತಿದ್ದಾರೆ.

ಗಣಿತಜ್ಞ ಜಿಮ್ ಸೈಮನ್ಸ್ ಅಮೆರಿಕದಲ್ಲಿ ಕಟ್ಟಿದ ರೆನೈಸಾನ್ಸ್ ಟೆಕ್ನಾಲಜೀಸ್ ಸಂಸ್ಥೆಯನ್ನೇ ನೋಡಿ. ಅದರ ಮೆಡಾಲಿಯನ್ ಫಂಡ್ 1988ರಿಂದ ಮೂರು ದಶಕ, ಶುಲ್ಕ ಕಳೆದ ಮೇಲೂ ವರ್ಷಕ್ಕೆ ಸರಾಸರಿ ಶೇ 39ರಷ್ಟು ಗಳಿಸಿತು. ಕೊರೊನಾ ಬಂದ 2020ರಲ್ಲಂತೂ ಗಳಿಕೆ ಶೇ 76. ಅದೇ ವರ್ಷ, ಅದೇ ಸಂಸ್ಥೆ ಹೊರಗಿನವರಿಗಾಗಿ ನಡೆಸುವ ಷೇರು ಫಂಡ್ ಶೇ 19ರಷ್ಟು ನಷ್ಟ ಕಂಡಿತು. ಒಂದೇ ಸೂರಿನಡಿಯ ವಿಜ್ಞಾನಿಗಳು, ಫಲ ಮಾತ್ರ ಅಜಗಜಾಂತರ.

ಮೆಡಾಲಿಯನ್ ಹಿಡಿಯುವುದು ಅಲ್ಪಕಾಲ ಮಾತ್ರ ಉಳಿಯುವ ಸಣ್ಣ ಬೆಲೆ ವ್ಯತ್ಯಾಸಗಳನ್ನು. ಹೆಚ್ಚು ಹಣ ಸುರಿದರೆ ಆ ವ್ಯತ್ಯಾಸವೇ ಅಳಿಯುತ್ತದೆ. ಕೋಲಾರದ ಮಾರುಕಟ್ಟೆಯಲ್ಲಿ ನಾಲ್ಕು ಬಾಕ್ಸ್ ಟೊಮೆಟೊ ಕೊಂಡರೆ ದರ ಅಲುಗುವುದಿಲ್ಲ. ನಾಲ್ಕು ಲಾರಿ ತುಂಬಿಸಲು ಹೊರಟರೆ ಕೊಳ್ಳುವವನೇ ದರ ಏರಿಸಿಬಿಡುತ್ತಾನೆ. ಇದನ್ನರಿತ ಸಂಸ್ಥೆ 2005ರ ಹೊತ್ತಿಗೆ ಮೆಡಾಲಿಯನ್‌ನಿಂದ ಹೊರಗಿನವರ ಹಣವನ್ನೆಲ್ಲ ವಾಪಸು ಕೊಟ್ಟಿತು. ಫಂಡ್ ಬೆಳೆಯದಂತೆ ಲಾಭವನ್ನೂ ಹೊರಗೆ ಹಂಚುತ್ತಾ ಬಂತು. ಹೊರಗಿನವರಿಗಾಗಿರುವ ದೊಡ್ಡ ಮೊತ್ತದ ಇನ್ನೊಂದು ಫಂಡ್ ಷೇರುಗಳನ್ನು ಹೆಚ್ಚು ಕಾಲ ಇಟ್ಟುಕೊಳ್ಳಲೇಬೇಕು. ಅಲ್ಲಿ ಅದೇ ಗಣಿತಕ್ಕೆ ಅಷ್ಟು ಕಸುವಿಲ್ಲ.

ಗಾತ್ರ ತಗ್ಗಿಸಿದರಷ್ಟೇ ಸಾಲದು ಎಂಬುದಕ್ಕೆ ಅಮೆರಿಕದ ಇನ್ನೊಂದು ಹೆಡ್ಜ್ ಫಂಡ್ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಸಾಕ್ಷಿ. ಅವಕಾಶಗಳು ಕಡಿಮೆಯಾದವೆಂದು ಅದೂ 1997ರ ಕೊನೆಗೆ 270 ಕೋಟಿ ಡಾಲರ್ ಮರಳಿಸಿತ್ತು. ಆದರೆ ಬಂಡವಾಳ ಇಳಿದ ಪ್ರಮಾಣದಲ್ಲಿ ವ್ಯವಹಾರವನ್ನು ಇಳಿಸಲಿಲ್ಲ. ಸ್ವಂತದ ಒಂದು ಡಾಲರ್‌ಗೆ ಸಾಲ 25 ಡಾಲರ್ ದಾಟಿತು. ಮರುವರ್ಷ ಆಗಸ್ಟ್‌ನಲ್ಲಿ ರಷ್ಯಾ ಸಾಲ ತೀರಿಸಲಾರೆ ಎಂದಾಗ, ಬೆಲೆಗಳು ಮತ್ತೆ ಸರಿಹೋಗುವವರೆಗೆ ಕಾಯುವ ತ್ರಾಣವೇ ಅದಕ್ಕಿರಲಿಲ್ಲ. ಇಬ್ಬರು ನೊಬೆಲ್ ವಿಜೇತರು ಪಾಲುದಾರರಾಗಿದ್ದ ಫಂಡ್ ಉಳಿಸಲು 14 ಬ್ಯಾಂಕುಗಳು 360 ಕೋಟಿ ಡಾಲರ್ ಸುರಿಯಬೇಕಾಯಿತು.

ಹಾಗಿದ್ದರೂ ಫಂಡ್‌ಗಳು ದೊಡ್ಡದಾಗಲು ಹಾತೊರೆಯುವುದಕ್ಕೆ ಕಾರಣ ಶುಲ್ಕದಲ್ಲಿದೆ. ವರ್ಷಕ್ಕೆ ಒಟ್ಟು ಹಣದ ಶೇ 2, ಲಾಭದಲ್ಲಿ ಶೇ 20 ಎಂಬುದು ಹಳೆಯ ವಾಡಿಕೆ. ಲಾಭ ಬರದಿದ್ದರೂ ಮೊದಲನೆಯದು ಬಂದೇ ಬರುತ್ತದೆ, ಹಣ ಸೇರಿದಷ್ಟೂ ಹಿಗ್ಗುತ್ತದೆ. ಮೆಡಾಲಿಯನ್‌ನಲ್ಲಿ ದುಡಿಯುವವರದೇ ದುಡ್ಡು, ಆದ್ದರಿಂದ ಆ ಆಸೆಗೆ ಜಾಗವಿರಲಿಲ್ಲ. ಬೇರೆಡೆ ಹೂಡಿಕೆದಾರನ ಹಿತವೂ ನಡೆಸುವವನ ಹಿತವೂ ಈ ಶುಲ್ಕದಲ್ಲೇ ಬೇರೆಯಾಗುತ್ತವೆ.

ಭಾರತದಲ್ಲಿ 2012ರಿಂದ ಇಂಥ ಫಂಡ್‌ಗಳನ್ನು ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ ಮೂರನೇ ವರ್ಗದ ಪರ್ಯಾಯ ಹೂಡಿಕೆ ನಿಧಿಗಳೆಂದು ನೋಂದಾಯಿಸುತ್ತಿದೆ. ಇವುಗಳ ಒಟ್ಟು ವ್ಯವಹಾರ ನಿಧಿಯ ಮೌಲ್ಯದ ಎರಡು ಪಟ್ಟು ಮೀರಬಾರದೆಂಬ ಮಿತಿಯಿದೆ, ಅದು ಒಳ್ಳೆಯದೇ. ಗಾತ್ರಕ್ಕೆ ಅಂಥ ಮಿತಿಯಿಲ್ಲ. ಎಷ್ಟು ಹಣ ಸೇರಿದ ಮೇಲೆ ಹೊಸಬರನ್ನು ಸೇರಿಸಿಕೊಳ್ಳುವುದು ನಿಲ್ಲಿಸುತ್ತೀರಿ ಎಂದು, ಸಾಮಾನ್ಯವಾಗಿ ಕನಿಷ್ಠ ₹1 ಕೋಟಿ ಕೊಡುವ ಹೂಡಿಕೆದಾರರೇ ಕೇಳಿ ಬರಹದಲ್ಲಿ ಪಡೆಯಬೇಕು.