ಡೇರೆಗೆ ನೆಲ ಆಯುವ ಮುನ್ನ

1993ರ ಸೆಪ್ಟೆಂಬರ್ 30ರ ಭೂಕಂಪದ ತರುವಾಯ ತಗಡಿನ ಆಸರೆಗಳಲ್ಲಿ ದಿನ ಕಳೆದ ಸಾಸ್ತೂರದ ನಮಗೆ, ನೆಲ ನೋಡಿ ನೆಲೆ ಮಾಡಬೇಕೆಂಬುದನ್ನು ಯಾರೂ ಕಲಿಸಬೇಕಿಲ್ಲ. ಈಗ ನಮ್ಮ ಮಕ್ಕಳು ಬಿಡುವಿನಲ್ಲಿ ಕಾರವಾರದ ಕಡಲಿಗೆ ಸಮೀಪದ ಅಣಶಿ ಕಾಡಿನ ಆಸುಪಾಸಿನ ಖಾಸಗಿ ಡೇರೆಗಳಿಗೆ ಹೊರಡುತ್ತಾರೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಆ ಕಾಡು ಇಂದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ.

ಹೊಳೆಯಂಚಿನ ಚೆಲುವಿಗೆ ಮರುಳಾಗಲಾಗದು. ಗಣೇಶಗುಡಿಯ ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಕೆಳಗಿನ ಕಾಳಿಯ ಮಟ್ಟ ಏರುತ್ತದೆ. ದಂಡೆಗಿಂತ ಎತ್ತರದ ನೆಲ, ಒಣಕೊಂಬೆಯಿಲ್ಲದ ನೆರಳು, ಸರಕಾರದ ಪರವಾನಗಿ, ರಾತ್ರಿಯ ಕಾವಲು, ಶೌಚಾಲಯ ಇವುಗಳನ್ನು ವಿಚಾರಿಸಿಯೇ ಮುಂಗಡ ಕೊಡಬೇಕು. ಬಾಡಿಗೆಯ ಮಾತು ಆಮೇಲಿನದು.

ಮಲಗಿದವರನ್ನು ನೆಲವೇ ಕೈಬಿಟ್ಟ ಇರುಳನ್ನು ಕಂಡವರು ನಾವು. ಮಕ್ಕಳಿಗೆ ಬುತ್ತಿಯೊಡನೆ ಇಷ್ಟು ಎಚ್ಚರವನ್ನೂ ಕಟ್ಟಿ ಕಳಿಸೋಣ.