ಒಂದೇ ತರಗತಿಯ ಮೂವರು ಅನನ್ಯರು

‘ಅನನ್ಯ’ ಎಂದರೆ ತನ್ನಂಥ ಇನ್ನೊಬ್ಬಳಿಲ್ಲದವಳು. ಆದರೆ ಇಂದಿನ ಶಾಲೆಗಳ ಹಾಜರಿ ಪುಸ್ತಕದಲ್ಲಿ ಅನನ್ಯರಿಗೇನೂ ಕೊರತೆಯಿಲ್ಲ. ಮೇಷ್ಟರು ಒಂದು ಸಲ ಕೂಗಿದರೆ ಮೂರು ಬೆಂಚುಗಳಿಂದ ಉತ್ತರ ಬರುತ್ತದೆ. ಬೇರೆ ಕಡೆಯಾದರೆ ತಂದೆಯ ಹೆಸರಿನ ಮೊದಲಕ್ಷರ ಸೇರಿಸಿ ಪಾರಾಗಬಹುದು. ಹನೂರು ತಾಲ್ಲೂಕಿನ ಹೂಗ್ಯಂನಂಥ ಊರಿನಲ್ಲಿ ಅದೂ ಕಷ್ಟ. ಮಲೆ ಮಾದೇಶ್ವರನ ಸೀಮೆ ಇದು. ಒಬ್ಬಳ ತಂದೆ ಮಾದೇಶ, ಇನ್ನೊಬ್ಬಳ ತಂದೆ ಮಹದೇವಸ್ವಾಮಿ, ಮತ್ತೊಬ್ಬಳ ತಂದೆ ಮಾದಪ್ಪ ಆಗಿಬಿಟ್ಟರೆ ಮೂವರೂ ‘ಅನನ್ಯ ಎಂ.’!

ಈ ತೊಡಕು ಹೊಸದೇನಲ್ಲ. ಇದೇ ಸೀಮೆಯಲ್ಲಿ ಅಜ್ಜಿಯರ ಕಾಲಕ್ಕೆ ಬೀದಿಗೊಬ್ಬ ಮಹದೇವಮ್ಮ ಇರುತ್ತಿದ್ದರು. ಮೇಲಿನ ಮನೆ ಮಹದೇವಮ್ಮ, ಬಾವಿ ಮನೆ ಮಹದೇವಮ್ಮ, ದೊಡ್ಡ ಮಹದೇವಮ್ಮ, ಚಿಕ್ಕ ಮಹದೇವಮ್ಮ ಎಂದು ಗುರುತು ಹಚ್ಚಿಕೊಂಡು ಊರು ನಡೆಯುತ್ತಿತ್ತು. ಆದರೆ ಆ ಹೆಸರಿಗೊಂದು ಕಾರಣವಿತ್ತು. ಮಕ್ಕಳಿಲ್ಲದವರು ಮಾದಪ್ಪನಿಗೆ ಹರಕೆ ಹೊರುತ್ತಿದ್ದರು. ಹುಟ್ಟಿದ ಮಗುವಿಗೆ ಅವನ ಹೆಸರೇ ಸಲ್ಲುತ್ತಿತ್ತು. ‘ನಿನಗೆ ಈ ಹೆಸರು ಯಾಕೆ?’ ಎಂದು ಕೇಳಿದರೆ ಅಂದಿನ ಹುಡುಗಿ ಒಂದು ಕಥೆ ಹೇಳಬಲ್ಲವಳಾಗಿದ್ದಳು. ಇಂದಿನ ಹುಡುಗಿಗೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: ‘ಕೇಳಲು ಚೆನ್ನಾಗಿತ್ತು, ಇಟ್ಟೆವು.’

ಕೇಳಲು ಚೆನ್ನಾಗಿರುವ ಹೆಸರು ಎಲ್ಲರಿಗೂ ಒಟ್ಟಿಗೇ ಕೇಳಿಸುವುದೇ ಪೇಚು. ದಿವ್ಯ, ಕಾವ್ಯ, ರಮ್ಯ, ಭವ್ಯ ಎಂದು ಒಂದು ಅಲೆ ಬಂತು. ಆಮೇಲೆ ಅನನ್ಯ, ಆದ್ಯ ಎಂದು ಇನ್ನೊಂದು. ಅಲೆಯಿಂದ ತಪ್ಪಿಸಿಕೊಳ್ಳಲು ಕೆಲವರು ಅರ್ಥವೇ ಇಲ್ಲದ ಅಕ್ಷರಗಳನ್ನು ಜೋಡಿಸುತ್ತಾರೆ. ಇನ್ನು ಕೆಲವರು ಇಂಗ್ಲಿಷ್ ಕಾಗುಣಿತಕ್ಕೆ ಒಂದು ‘ಎ’ ಹೆಚ್ಚು ಸೇರಿಸಿ ತೃಪ್ತರಾಗುತ್ತಾರೆ. ಆ ಹೆಚ್ಚಿನ ‘ಎ’ ಒಂದು ದಾಖಲೆಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಾದಾಗ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದವಳು ಮಗಳು.

ಹಾಗಾದರೆ ಹೊಸ ಹೆಸರನ್ನು ಎಲ್ಲಿ ಹುಡುಕಬೇಕು? ಕೊಳ್ಳೇಗಾಲ, ಹನೂರು, ಯಳಂದೂರಿನ ತಂದೆತಾಯಿಗಳು ದೂರ ಹೋಗಬೇಕಿಲ್ಲ.

ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಹಾಡುವ ಕಥೆಯೊಂದಿದೆ. ರಂಗಯ್ಯ ಮೆಚ್ಚಿ ಮದುವೆಯಾದ ಸೋಲಿಗರ ಹುಡುಗಿ ಕುಸುಮಾಲೆ. ಆ ನಂಟಿನಿಂದ ದೇವರೇ ಸೋಲಿಗರಿಗೆ ಭಾವನಾದ. ಕುಸುಮಾಲೆ! ಹೂವೂ ಇದೆ, ಕಾಡೂ ಇದೆ, ನಾಲಿಗೆಗೂ ಹಗುರ. ಹಾಜರಿಯಲ್ಲಿ ಇನ್ನೊಬ್ಬಳು ಸಿಗುವುದು ಅಪರೂಪ.

ಅದೇ ಯಳಂದೂರಿನವಳು ಸಂಚಿ ಹೊನ್ನಮ್ಮ. ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿಯುವ ಊಳಿಗದಲ್ಲಿದ್ದುಕೊಂಡೇ ‘ಹದಿಬದೆಯ ಧರ್ಮ’ ಎಂಬ ಸಾಂಗತ್ಯ ಕಾವ್ಯವನ್ನು ಬರೆದವಳು. ಹೆಣ್ಣೆಂದು ಹೀಗಳೆಯುವವರನ್ನು ಮುನ್ನೂರು ವರ್ಷಗಳ ಹಿಂದೆಯೇ ಪ್ರಶ್ನಿಸಿದವಳು. ‘ಹೊನ್ನಮ್ಮ’ ಹಳೆಯದೆನಿಸಿದರೆ ‘ಹೊನ್ನಿ’, ‘ಹೊನ್ನು’ ಇವೆ. ಆ ಸೀಮೆಯಲ್ಲಿ ಹರಿದು ಕಾವೇರಿಯನ್ನು ಸೇರುವ ಸುವರ್ಣಾವತಿಯನ್ನು ಜನ ಕರೆಯುವುದೂ ಹೊನ್ನುಹೊಳೆ ಎಂದೇ.

ಮಾದಪ್ಪನ ಹರಕೆ ಬಿಡಲಾಗದ ಮನೆಯವರಿಗೆ ಅವನ ಕಥೆಯಲ್ಲೇ ಹೆಸರುಗಳಿವೆ. ಕಂಸಾಳೆಯವರು ಹಾಡುವ ಆ ಕಾವ್ಯದಲ್ಲಿ ಅವನ ತಾಯಿ ಉತ್ತರಾಜಮ್ಮ. ಅದನ್ನು ಚಿಕ್ಕದಾಗಿಸಿದರೆ ‘ಉತ್ತರೆ’. ಬಲಗೈ ಭಾಷೆ ಕೊಡೆಂದು ಗಂಡ ನೀಲೇಗೌಡ ಹಿಂಸಿಸಿದರೂ ಬಾಗದೆ ನಿಂತವಳು ಸಂಕಮ್ಮ. ಇಂಥ ಹೆಸರು ಹೊತ್ತ ಹುಡುಗಿಗೆ ಯಾರಾದರೂ ‘ಇದೇನು ಹಳೇ ಹೆಸರು’ ಎಂದರೆ ಉತ್ತರ ಹೇಳಲು ಒಂದು ಕಥೆಯಿರುತ್ತದೆ.

ನಕ್ಷತ್ರದ ಅಕ್ಷರ ನೋಡುವ ಮನೆಗಳಿಗೂ ಇವು ಒಗ್ಗುತ್ತವೆ. ಪಂಚಾಂಗದ ಪ್ರಕಾರ ಆರಿದ್ರೆಯ ಮೊದಲ ಪಾದಕ್ಕೆ ‘ಕು’, ಕೃತ್ತಿಕೆಯ ಮೂರನೆಯ ಪಾದಕ್ಕೆ ‘ಉ’, ಪುಷ್ಯದ ಮೂರನೆಯ ಪಾದಕ್ಕೆ ‘ಹೊ’, ಶತಭಿಷದ ಎರಡನೆಯ ಪಾದಕ್ಕೆ ‘ಸ’. ಅಕ್ಷರ ಸಿಕ್ಕದಿದ್ದರೆ ತೊಟ್ಟಿಲಲ್ಲಿ ಕಿವಿಗೆ ಒಂದು ಹೆಸರು ಹೇಳಿ, ಕರೆಯಲು ಇನ್ನೊಂದಿಡುವ ರೂಢಿ ಇದ್ದೇ ಇದೆ. ಗಡಿಯಾಚೆ ನೆಂಟರಿರುವವರು ಇನ್ನೊಂದನ್ನೂ ಗಮನಿಸಬಹುದು. ತಮಿಳು ಲಿಪಿಯಲ್ಲಿ ‘ಪ’ಕ್ಕೂ ‘ಭ’ಕ್ಕೂ ಒಂದೇ ಅಕ್ಷರ, ಅಲ್ಲಿ ‘ಭವ್ಯ’ ಬರೆದರೆ ‘ಪವ್ಯ’ ಎಂದೂ ಓದಬಹುದು.

ಹಳೆಯದೆಲ್ಲ ಒಳ್ಳೆಯದೇ ಎಂದು ಇದರ ಅರ್ಥವಲ್ಲ. ಹೆಣ್ಣುಮಕ್ಕಳು ಸಾಲಾಗಿ ಹುಟ್ಟಿದಾಗ ‘ಇನ್ನು ಸಾಕು’ ಎಂದು ‘ಸಾಕಮ್ಮ’ ಎಂಬ ಹೆಸರಿಟ್ಟ ಮನೆಗಳೂ ಕನ್ನಡ ನಾಡಿನಲ್ಲಿದ್ದವು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ನಕುಶಾ’, ಅಂದರೆ ‘ಬೇಡವಾದವಳು’, ಎಂಬ ಹೆಸರು ಹೊತ್ತಿದ್ದ 285 ಹುಡುಗಿಯರಿಗೆ 2011ರ ಅಕ್ಟೋಬರಿನಲ್ಲಿ ಸಮಾರಂಭ ನಡೆಸಿ ಹೊಸ ಹೆಸರು ಕೊಡಲಾಯಿತು. ದಿನಕ್ಕೆ ಹತ್ತಾರು ಸಲ ‘ಬೇಡವಾದವಳೇ, ಬಾ’ ಎಂದು ಕರೆಸಿಕೊಂಡು ಬೆಳೆದ ಮಗುವಿನ ಮನಸ್ಸು ಹೇಗಿದ್ದೀತು? ಹೆಸರು ಅಪರೂಪದ್ದಾದರೆ ಸಾಲದು. ‘ನೀನು ನಮಗೆ ಬೇಕಾಗಿದ್ದೆ’ ಎಂಬ ಮಾತೂ ಅದರಲ್ಲಿರಬೇಕು.

ಹೆಸರಿಗಾಗಿ ಅವಸರಪಡುವ ಅಗತ್ಯವೂ ಇಲ್ಲ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು ನಿಜ. ಆದರೆ ಆಗ ಹೆಸರು ಇರಲೇಬೇಕೆಂದಿಲ್ಲ. ನೋಂದಣಿಯಾದ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೂ 15 ವರ್ಷಗಳವರೆಗೆ ಶುಲ್ಕ ಕಟ್ಟಿ ಸೇರಿಸಲು ಅವಕಾಶವಿದೆ. ಒಮ್ಮೆ ಬರೆಸಿದ ಮೇಲೆ ಮನಸ್ಸು ಬದಲಾಯಿಸುವುದು ಮಾತ್ರ ಕಷ್ಟ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರುವುದರಿಂದ ಹಿಡಿದು ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಆದ್ದರಿಂದ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಕಾಗುಣಿತವನ್ನು ಕಾಗದದ ಮೇಲೆ ಬರೆದು ನೋಡಿ, ಮನೆಯವರೆಲ್ಲ ಒಪ್ಪಿದ ಮೇಲೆ ಕೊಡುವುದು ಲೇಸು. ತಂದೆಯ ಹೆಸರಿನ ಅಕ್ಷರ ಊರಲ್ಲೆಲ್ಲ ಒಂದೇ ಆಗುವಂತಿದ್ದರೆ ಊರಿನದನ್ನೋ ತಾಯಿಯದನ್ನೋ ಸೇರಿಸುವ ವಿಚಾರವನ್ನೂ ಆಗಲೇ ಮಾಡಬಹುದು.

ಈಗಾಗಲೇ ಅನನ್ಯ, ಕಾವ್ಯ ಆಗಿರುವ ವಿದ್ಯಾರ್ಥಿನಿಯರು ಬೇಸರಪಡಬೇಕಿಲ್ಲ. ಹೆಸರು ಹಂಚಿಕೊಂಡ ಮಾತ್ರಕ್ಕೆ ಅಂಕಗಳೇನೂ ಹಂಚಿಹೋಗುವುದಿಲ್ಲ. ಆದರೆ ಮನೆಯಲ್ಲಿ ಹೊಸ ತೊಟ್ಟಿಲು ಕಟ್ಟುವ ಸುದ್ದಿಯಿದ್ದರೆ ಅವರಿಗೊಂದು ಕೆಲಸವಿದೆ. ಅಜ್ಜಿಯ ಬಳಿ ಕುಳಿತು ಅಜ್ಜಿಯ ತಾಯಿ, ಅವರ ತಾಯಿ, ಸೋದರತ್ತೆಯರು, ದೊಡ್ಡಮ್ಮಂದಿರು ಎಲ್ಲರ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಪ್ರತಿ ಹೆಸರಿನ ಮುಂದೆ ಆಕೆ ಹೇಗಿದ್ದಳು, ಏನು ಮಾಡಿದಳು ಎಂದು ಒಂದೆರಡು ಸಾಲು ಬರೆಯಲಿ. ನಾಮಕರಣದ ದಿನ ಅಪ್ಪ ಅಮ್ಮನ ಕೈಗೆ ಆ ಹಾಳೆಯನ್ನು ಕೊಟ್ಟರೆ, ತಂಗಿಯ ಹೆಸರು ಅದರಲ್ಲೇ ಸಿಕ್ಕೀತು.