ಕಡಲು ತೋರಿಸಲು ಕಡಿದ ಗುಡ್ಡ

ದಂಡಿನಶಿವರದಂಥ ತೆಂಗಿನ ಸೀಮೆಯ ಊರಿನಿಂದ ಕಡಲು ನೋಡಹೊರಟ ಕುಟುಂಬಕ್ಕೆ ದಾರಿ ಹಳೆಯದೇ: ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ, ಘಟ್ಟವಿಳಿದರೆ ಹೊನ್ನಾವರ. ಕೊಬ್ಬರಿ ಮಾರಿದ ದುಡ್ಡಿನಲ್ಲಿ ವ್ಯಾನು ಗೊತ್ತುಮಾಡಿ, ಬುತ್ತಿ ಕಟ್ಟಿಕೊಂಡು, ಗೋಕರ್ಣದ ಛತ್ರದಲ್ಲಿ ತಂಗುವ ಪ್ರವಾಸದ ಬಗ್ಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಅಡುಗೆಮನೆ, ಮಲಗುವ ಕೋಣೆಗಳನ್ನೇ ಚಕ್ರದ ಮೇಲೇರಿಸಿದ ಕ್ಯಾರವಾನ್ ಬಗ್ಗೆ, ಅದಕ್ಕೆ ರಾಜ್ಯದ 2020-26ರ ಪ್ರವಾಸೋದ್ಯಮ ನೀತಿ ನೀಡಿದ ಉತ್ತೇಜನದ ಬಗ್ಗೆ. ಅಂಥ ವಾಹನಕ್ಕೆ ಅಗಲವಾದ ರಸ್ತೆ ಬೇಕು; ರಸ್ತೆ ಅಗಲವಾಗಬೇಕಾದರೆ ಗುಡ್ಡ ಸರಿಯಬೇಕು.

ಕರಾವಳಿಯ ಹೆದ್ದಾರಿ ಅಗಲವಾದದ್ದು ಕ್ಯಾರವಾನಿಗಾಗಿ ಅಲ್ಲ, ನಿಜ. ಆದರೆ ಬೆಲೆ ಎಷ್ಟೆಂಬುದನ್ನು ಅದು ತೋರಿಸಿಕೊಟ್ಟಿದೆ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು, ಚತುಷ್ಪಥಕ್ಕಾಗಿ ಬುಡ ಕಡಿದಿದ್ದ ಗುಡ್ಡ ಮಳೆಗೆ ಜಾರಿ, ಚಹಾದಂಗಡಿಯನ್ನೂ ಅದನ್ನು ನಡೆಸುತ್ತಿದ್ದ ಕುಟುಂಬವನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿಗೆ ನೂಕಿತು. ನದಿಯಲ್ಲೆದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಆ ಊರು ಹೆದ್ದಾರಿಯ ಪಕ್ಕದಲ್ಲಿಯೂ ಇಲ್ಲ!

ಮರವಂತೆಯಲ್ಲಿ ಸೌಪರ್ಣಿಕೆಗೂ ಕಡಲಿಗೂ ನಡುವೆ ಓಡುವ ರಸ್ತೆಯ ಚಿತ್ರವನ್ನು ಎಲ್ಲರೂ ಮೆಚ್ಚುತ್ತಾರೆ. ಅದನ್ನು ಉಳಿಸಲು ಕಡಲಂಚಿಗೆ ಸುರಿದ ಬಂಡೆಗಳು ಯಾವ ಗುಡ್ಡದವೆಂದು ಕೇಳಿದವರುಂಟೆ?

ಕ್ಯಾರವಾನ್ ನಿಲುಗಡೆಗೆ ಜಾಗ ಗುರುತಿಸುವ ಮುನ್ನ ಗ್ರಾಮಸಭೆ ಕರೆಯಿರಿ. ಗುಡ್ಡದ ಇಳಿಜಾರಿನ ಬಗ್ಗೆ ಭೂವಿಜ್ಞಾನಿಗಳ ವರದಿಯನ್ನು ಅಲ್ಲಿ ಕನ್ನಡದಲ್ಲಿ ಓದಿಸಿರಿ. ಅಲ್ಲಿಯವರೆಗೆ ಘಟ್ಟದ ಒಂದು ಬುಟ್ಟಿ ಮಣ್ಣನ್ನೂ ಕದಲಿಸಕೂಡದು.